ಪಹಣಿ ಇಲ್ಲದ ಮನೆಯ ಹುಡುಗನಿಗೆ ಜಾಮೀನು

ಕೋಲಾರದ ಬಸ್ ನಿಲ್ದಾಣದಲ್ಲಿ ಮೊಬೈಲ್ ಕದ್ದ ಆರೋಪದ ಮೇಲೆ ಹುಡುಗನೊಬ್ಬನನ್ನು, ಹದಿನೆಂಟು ತುಂಬದವರ ಪ್ರಕರಣಗಳನ್ನು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಿದ ದಿನ, ಹೊರಗಿನ ಬೆಂಚಿನಲ್ಲಿ ಕುಳಿತ ತಾಯಿ ಉಚಿತ ಕಾನೂನು ನೆರವಿನ ವಕೀಲನಾದ ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಸಾರ್, ಜಾಮೀನಿಗೆ ಪಹಣಿ ಇರೋರನ್ನ ಎಲ್ಲಿಂದ ತರ್ಲಿ?" ತಂದೆ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವ, ತಾಯಿ ನರಸಾಪುರದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂದು ಗುಂಟೆ ಜಮೀನೂ ಇರುವುದಿಲ್ಲ.

ಪಹಣಿ ಬೇಕಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಂಡಳಿಯು ಮಗುವನ್ನು ಜಾಮೀನುದಾರರಿದ್ದರೂ ಇಲ್ಲದಿದ್ದರೂ ಬಿಡುಗಡೆ ಮಾಡಬಹುದು, ಮಗುವಿನ ಮನೆ, ಹಿನ್ನೆಲೆ ವಿಚಾರಿಸುವ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ಮೇಲ್ವಿಚಾರಣೆಗೆ ಒಪ್ಪಿಸಬಹುದು, ಇಲ್ಲವೇ ಯೋಗ್ಯ ವ್ಯಕ್ತಿಯೊಬ್ಬರ ಪಾಲನೆಗೆ ಕೊಡಬಹುದು. ಹೊರಬಂದರೆ ಮಗು ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಅದಕ್ಕೆ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ವಿಫಲವಾಗುತ್ತದೆ ಎಂದು ನಂಬಲು ಸಕಾರಣವಿದ್ದಾಗ ಮಾತ್ರ ಜಾಮೀನು ನಿರಾಕರಿಸಬಹುದು. ಅಪರಾಧದ ತೀವ್ರತೆ ಈ ಪಟ್ಟಿಯಲ್ಲಿಯೇ ಇಲ್ಲ, ಬಡತನವಂತೂ ಇಲ್ಲವೇ ಇಲ್ಲ.

ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯಗಳಲ್ಲಿ ಜಾಗ ಸಾಲದು, ಹೊಸ ಕಟ್ಟಡ ಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಈ ಬೆಂಚು ನೆನಪಾಗುತ್ತದೆ. ಹಾಸಿಗೆಗಳನ್ನು ಎಣಿಸುವ ಮೊದಲು, ಅದರ ಮೇಲೆ ಮಲಗಿರುವ ಪ್ರತಿ ಮಗುವೂ ಇನ್ನೂ ಅಲ್ಲಿ ಏಕಿದೆ ಎಂದು ಕೇಳಬೇಕು. ಕರೆದುಕೊಂಡು ಹೋಗಲು ಆ ದಿನ ಯಾರೂ ಬರಲಿಲ್ಲ ಎಂಬುದೇ ಎಷ್ಟೋ ಬಾರಿ ಅದಕ್ಕೆ ಉತ್ತರವಾಗಿರುತ್ತದೆ. ಹೀಗೆ ಉಳಿದುಹೋದವರಿಂದ ಕೊಠಡಿಗಳು ತುಂಬಿದಾಗ, ವಯಸ್ಸು ಮತ್ತು ಅಪರಾಧದ ಸ್ವರೂಪಕ್ಕೆ ತಕ್ಕಂತೆ ಮಕ್ಕಳನ್ನು ಬೇರೆ ಬೇರೆ ಇರಿಸಬೇಕೆಂಬ ನಿಯಮ ಕಾಗದದಲ್ಲಿಯೇ ಉಳಿಯುತ್ತದೆ, ಮೊಬೈಲ್ ಕದ್ದವನು ಅಲ್ಲಿಯೇ ಹೊಸ ಪಾಠ ಕಲಿಯುತ್ತಾನೆ.

ಹುಡುಗನೊಬ್ಬನಿಗೆ ಜಾಮೀನು ಸಿಕ್ಕಿತ್ತು, ಆದರೆ ಪೊಲೀಸರ ಭಯದಿಂದ ತಂದೆ ಸಹಿ ಹಾಕಲು ಬರಲಿಲ್ಲ. (74ನೇ ಕಲಮು ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸಿರುವುದರಿಂದ ಇದಕ್ಕಿಂತ ಹೆಚ್ಚಿನ ವಿವರ ಕೊಡಲಾರೆ.) ಜಾಮೀನಿನ ಷರತ್ತು ಏಳು ದಿನಗಳಲ್ಲಿ ಪೂರೈಕೆಯಾಗದಿದ್ದರೆ, ಷರತ್ತನ್ನು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಲೇಬೇಕೆಂದು ಅದೇ 12ನೇ ಕಲಮು ಹೇಳುತ್ತದೆ. ಹೆಚ್ಚಿನ ಪೋಷಕರಿಗೆ ತಿಳಿಯದ ಈ ಉಪಕಲಮನ್ನು ನಾವು ಬಳಸಿದೆವು. ಅಷ್ಟರೊಳಗೆ ಪರಿವೀಕ್ಷಣಾಧಿಕಾರಿ ಮುಳಬಾಗಿಲು ಕಡೆಯ ಹಳ್ಳಿಯೊಂದಕ್ಕೆ ಹೋಗಿ ಹುಡುಗನ ಚಿಕ್ಕಮ್ಮನನ್ನು ಕಂಡು ಬಂದಿದ್ದರು. ಮಂಡಳಿ ಹುಡುಗನನ್ನು ಆಕೆಯ ಪಾಲನೆಗೆ ಒಪ್ಪಿಸಿತು.

ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಭೇಟಿಯ ಮೇಲೆ ಎಂಬುದು ನನ್ನ ಅನುಭವ. ಪರಿವೀಕ್ಷಣಾಧಿಕಾರಿ ಎರಡು ವಾರಗಳಲ್ಲಿ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. "ತಂದೆ ಕುಡಿಯುತ್ತಾರೆ, ಸಹವಾಸ ಸರಿಯಿಲ್ಲ" ಎಂಬ ಎರಡು ಸಾಲಿನ ವರದಿ ಬಂದರೆ ಮಂಡಳಿಯ ಕೈ ಕಟ್ಟಿದಂತಾಗುತ್ತದೆ. ಶಾಲೆ ಬಿಟ್ಟದ್ದು ಯಾವಾಗ, ಏಕೆ, ಕದ್ದ ಮೊಬೈಲನ್ನು ಯಾರಿಗೆ ಕೊಡುತ್ತಿದ್ದ, ಅವನ ಮಾತು ಕೇಳುವ ಹಿರಿಯರು ಕುಟುಂಬದಲ್ಲಿ ಯಾರಿದ್ದಾರೆ ಎಂದು ಬರೆದಿದ್ದರೆ ಮಂಡಳಿಗೆ ದಾರಿ ಕಾಣುತ್ತದೆ. ಕೋಲಾರದ ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲಿಯೂ ಕೆಜಿಎಫ್‌ನಲ್ಲಿ ತಮಿಳಿನಲ್ಲಿಯೂ ಈ ಮಾತುಕತೆ ನಡೆಯಬೇಕು, ಕನ್ನಡದ ನಮೂನೆ ಹಿಡಿದು ಅವಸರದಲ್ಲಿ ಕೇಳಿದರೆ ತಾಯಂದಿರು ತಲೆಯಾಡಿಸುತ್ತಾರೆ, ಅಷ್ಟೆ.

ತಪ್ಪು ಸಾಬೀತಾದ ಮೇಲೂ 18ನೇ ಕಲಮು ಬುದ್ಧಿವಾದ, ಗುಂಪು ಸಮಾಲೋಚನೆ, ಸಮುದಾಯ ಸೇವೆ, ಪೋಷಕರ ಹೊಣೆಯಲ್ಲಿ ಸನ್ನಡತೆಯ ಮೇಲೆ ಬಿಡುಗಡೆ ಮುಂತಾದ ದಾರಿಗಳನ್ನು ಮೊದಲು ಹೇಳಿ, ತಪ್ಪು ಸಾಬೀತಾದ ಮಕ್ಕಳನ್ನು ಇರಿಸುವ ವಿಶೇಷ ಗೃಹವನ್ನು ಕೊನೆಗೆ ಇಡುತ್ತದೆ. ಹದಿನಾಲ್ಕು ದಾಟಿದವರಿಗೆ ಉದ್ಯಾನ ನೋಡಿಕೊಳ್ಳುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು ಮುಂತಾದ ಸೇವೆಗಳನ್ನು 2016ರ ಮಾದರಿ ನಿಯಮಗಳು ಹೆಸರಿಸಿವೆ. ಆದರೆ ಆಸ್ಪತ್ರೆಯಲ್ಲಿ ಹುಡುಗನನ್ನು ಬರಮಾಡಿಕೊಂಡು, ಕೆಲಸ ತೋರಿಸಿ, ಅವನ ಪ್ರಕರಣದ ವಿಚಾರ ಯಾರಿಗೂ ಹೇಳದೆ ಹಾಜರಿ ಬರೆಯುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಆದೇಶ ಕಡತದಲ್ಲಿ ಉಳಿದುಬಿಡುತ್ತದೆ. ಹೊಸ ಕಟ್ಟಡಕ್ಕೆ ಹಣ ಕೇಳುವವರು ಪ್ರತಿ ತಾಲ್ಲೂಕಿನಲ್ಲಿ ಇಂಥ ಒಬ್ಬರ ಹೆಸರನ್ನೂ, ಪರಿವೀಕ್ಷಣಾಧಿಕಾರಿಗೆ ಹಳ್ಳಿ ಸುತ್ತಲು ಒಂದು ವಾಹನವನ್ನೂ ಮೊದಲು ಕೇಳಲಿ.