ರೂಟರ್‌ಗೆ ಗೊತ್ತಿರುವುದು ಮುಂದಿನ ಒಂದೇ ಹೆಜ್ಜೆ

ಲಿನಕ್ಸ್ ಇರುವ ರೂಟರ್‌ಗೆ ದಾರಿ ಹೇಳಿಕೊಡುವುದು ಒಂದೇ ಸಾಲಿನ ಕೆಲಸ: ‘ಐಪಿ ರೂಟ್ ಆ್ಯಡ್ 192.168.20.0/24 ವಯಾ 192.168.1.2’. ಅಂದರೆ, 192.168.20ರಿಂದ ಶುರುವಾಗುವ ಯಾವ ವಿಳಾಸಕ್ಕೆ ಪ್ಯಾಕೆಟ್ (ಡೇಟಾದ ತುಣುಕು) ಬಂದರೂ 192.168.1.2ರ ಕೈಗೆ ಕೊಟ್ಟುಬಿಡು. ಆ ಕೊನೆಯ ವಿಳಾಸವೇ ಗೇಟ್‌ವೇ. /24 ಎಂದರೆ ವಿಳಾಸದ ಮೊದಲ 24 ಬಿಟ್, ಅಂದರೆ ಮೊದಲ ಮೂರು ಸಂಖ್ಯೆ, ಹೊಂದಬೇಕು. ಸಿಸ್ಕೊ ರೂಟರ್‌ನಲ್ಲಾದರೆ /24 ಬದಲು 255.255.255.0 ಎಂದು ಬರೆಯಬೇಕು, ‘ಆ್ಯಡ್’, ‘ವಯಾ’ ಬೇಡ. ಅಷ್ಟೇ ವ್ಯತ್ಯಾಸ.

ಹೊಸಬರು ಎಡವುವುದು ಗೇಟ್‌ವೇ ವಿಷಯದಲ್ಲೇ. ನಾಲ್ಕು ರೂಟರ್ ದಾಟಿ ಸಿಗುವ ಕೊನೆಯ ರೂಟರ್‌ನ ವಿಳಾಸವನ್ನು ಅಲ್ಲಿ ಬರೆದುಬಿಡುತ್ತಾರೆ. ತಲುಪಬೇಕಾದದ್ದು ಅಲ್ಲಿಗೇ ಅಲ್ವಾ ಅಂತ! ಲಿನಕ್ಸ್ ಒಪ್ಪುವುದಿಲ್ಲ, ಗೇಟ್‌ವೇ ಸರಿಯಿಲ್ಲ ಎಂದು ವಾಪಸ್ ಬೈಯುತ್ತದೆ.

ಯಾಕೆಂದು ತಿಳಿಯಲು ಒಂದು ಪ್ಯಾಕೆಟ್ಟಿನ ಹಿಂದೆ ಹೋಗೋಣ. ಅದು 192.168.20.7ಕ್ಕೆ ಹೊರಟಿದೆ. ರೂಟರ್ ಮೊದಲು ಈಥರ್ನೆಟ್‌ನಲ್ಲಿ ಎಲ್ಲರಿಗೂ ಕೇಳುವಂತೆ ‘192.168.1.2 ಯಾರು?’ ಎಂದು ಕೂಗುತ್ತದೆ. ಇದು ಎಆರ್‌ಪಿ. ಆ ವಿಳಾಸದವನು ತನ್ನ 48 ಬಿಟ್‌ಗಳ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಹೇಳುತ್ತಾನೆ. ರೂಟರ್ ಆ ಮ್ಯಾಕ್ ಅಡ್ರೆಸ್ಸನ್ನು ಹೊರಗಿನ ಫ್ರೇಮ್ (ಪ್ಯಾಕೆಟ್ಟಿಗೆ ಸುತ್ತಿದ ಲಕೋಟೆ) ಮೇಲೆ ಬರೆದು ಕಳಿಸುತ್ತದೆ. ಒಳಗಿನ ಪ್ಯಾಕೆಟ್ಟಿನಲ್ಲಿ ಈಗಲೂ ಇರುವುದು 192.168.20.7. ಗೇಟ್‌ವೇಯ ಐಪಿ ವಿಳಾಸ ಪ್ಯಾಕೆಟ್ಟಿನಲ್ಲಿ ಎಲ್ಲೂ ಇಲ್ಲ! ಅದು ಬೇಕಾದದ್ದು ಮ್ಯಾಕ್ ಅಡ್ರೆಸ್ ಹುಡುಕಲು ಮಾತ್ರ. ಎಆರ್‌ಪಿ ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ. ಹಾಗಾಗಿ ಗೇಟ್‌ವೇ ಪಕ್ಕದಲ್ಲೇ ಇರಬೇಕು. ಆಮೇಲಿನ ದಾರಿ ಆ ಪಕ್ಕದವನ ತಲೆನೋವು.

ಈ ತಲೆನೋವು ಎಷ್ಟಿದೆ ಅಂತ ಗೊತ್ತಾಗುವುದು ಉತ್ತರ ವಾಪಸ್ ಬರುವಾಗ. ನಮ್ಮ ರೂಟರ್‌ನ ವಿಳಾಸ 192.168.1.1, ಅದರ ಹಿಂದಿನ ಕಂಪ್ಯೂಟರ್ 192.168.10.5 ಅಂತಿಟ್ಟುಕೊಳ್ಳಿ. ರೂಟರ್‌ನಿಂದಲೇ 192.168.20.7ಕ್ಕೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಕೇಳಿದರೆ, ಉತ್ತರ ಬರುತ್ತದೆ, ಕಂಪ್ಯೂಟರ್‌ನಿಂದ ಮಾಡಿದರೆ ಇಲ್ಲ. ಜನ ಸುಮ್ನೆ ಕಂಪ್ಯೂಟರನ್ನು ಅನುಮಾನಿಸುತ್ತಾರೆ. ನಿಜಕ್ಕೂ ಪಿಂಗ್ ತಲುಪಿದೆ, ಉತ್ತರವೂ ಹೊರಟಿದೆ. ಆದರೆ ಆಚೆಯ ರೂಟರ್‌ಗೆ (192.168.1.2) 192.168.1 ಗೊತ್ತು, 192.168.10 ಗೊತ್ತಿಲ್ಲ. ಅಲ್ಲಿಯೂ ಕೂತು ‘ಐಪಿ ರೂಟ್ ಆ್ಯಡ್ 192.168.10.0/24 ವಯಾ 192.168.1.1’ ಎಂದು ಟೈಪ್ ಮಾಡಬೇಕು. ನನ್ನ ಪ್ರಕಾರ ಸ್ಟ್ಯಾಟಿಕ್ ರೂಟ್ (ಹೀಗೆ ಕೈಯಾರೆ ಬರೆದ ದಾರಿ) ತೊಂದರೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದಿದರೆ? ಹೆಚ್ಚು ಬಿಟ್ ಹೊಂದುವ ಸಾಲು ಗೆಲ್ಲುತ್ತದೆ. /24 ಇದ್ದರೆ /16 ಸುಮ್ಮನಿರಬೇಕು. ಎಲ್ಲದಕ್ಕೂ ಹೊಂದುವ 0.0.0.0/0, ಅಂದರೆ ಡೀಫಾಲ್ಟ್ ರೂಟ್, ಯಾವಾಗಲೂ ಕೊನೆಗೆ.

ಹೀಗೆ ಹಾಕಿದ ರೂಟ್ ರೀಬೂಟ್ ಆದರೆ ಹೋಗುತ್ತದೆ. ಸಿಸ್ಕೊದಲ್ಲಿ ಸೇವ್ ಮಾಡಬೇಕು, ಲಿನಕ್ಸ್‌ನಲ್ಲಿ ಕಾನ್ಫಿಗರೇಷನ್ ಫೈಲಿಗೆ ಬರೆಯಬೇಕು. ಇನ್ನೊಂದು ಕಿರಿಕಿರಿ ಇದಕ್ಕಿಂತ ಜಾಸ್ತಿ. ನಡುವೆ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಇದ್ದರೆ, ಗೇಟ್‌ವೇ ಸತ್ತರೂ ನಮ್ಮ ಕಡೆಯ ಕೇಬಲ್‌ನಲ್ಲಿ ಲಿಂಕ್ ಇದ್ದೇ ಇರುತ್ತದೆ. ಆಗ ಆ ರೂಟ್, ರೂಟರ್‌ನ ದಾರಿಗಳ ಪಟ್ಟಿಯಿಂದ ಕದಲುವುದೇ ಇಲ್ಲ. ಆಸರೆಗೆಂದು ಹಾಕಿಟ್ಟ ಎರಡನೇ ರೂಟ್‌ಗೆ ಸರದಿಯೂ ಬರುವುದಿಲ್ಲ. ಅದಕ್ಕೇ ಗೇಟ್‌ವೇಗೆ ಆಗಾಗ ಪಿಂಗ್ ಕಳಿಸಿ, ಉತ್ತರ ನಿಂತರೆ ರೂಟ್ ತೆಗೆದುಹಾಕುವ ಏರ್ಪಾಡನ್ನು ಬೇರೆಯಾಗಿ ಮಾಡಿಕೊಳ್ಳುತ್ತಾರೆ.