ಮರಗಟ್ಟಿದ ಬೆರಳನ್ನು ಉಜ್ಜಬೇಕಾ? ಬೇಡ. ಹಿಮದಿಂದಂತೂ ಬೇಡವೇ ಬೇಡ

ಪ್ರಶ್ನೆ: "ಹಿಮ ಬೀಳುವ ಚಳಿಯಲ್ಲಿ ಕೈಬೆರಳು ಮರಗಟ್ಟಿ ಬೆಳ್ಳಗಾದರೆ ಜೋರಾಗಿ ಉಜ್ಜಿದರೆ ಸಾಕಾ? ಹಿಮವನ್ನೇ ತಗೊಂಡು ಉಜ್ಜಬೇಕು ಅಂತ ಕೆಲವರು ಹೇಳುತ್ತಾರೆ, ನಿಜವಾ?"

ಚಳಿಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲ ಸಲ ಹಿಮದ ಊರಿಗೆ ಓದಲು ಹೊರಟವರು ಕೇಳುತ್ತಾರೆ, ಚಾರಣಕ್ಕೆ ಹೊರಟವರು ಕೇಳುತ್ತಾರೆ, ಅಂಥ ಊರಲ್ಲೇ ಹತ್ತು ವರ್ಷ ಇದ್ದವರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಹೇಳಿದ ಮೇಲೂ ಅರ್ಧ ಜನ "ಮೆಲ್ಲಗೆ ಉಜ್ಜಬಹುದಲ್ವಾ?" ಅನ್ನುತ್ತಾರೆ ನೋಡಿ, ಅದಕ್ಕೆ ಬೇಜಾರು. ಇಲ್ಲ. ಮೆಲ್ಲಗೂ ಬೇಡ. ಅಂಗೈಯಿಂದ ಬೇಡ, ಬಟ್ಟೆಯಿಂದ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

ಪದರ ಪದರವಾಗಿ ಬಟ್ಟೆ ಹಾಕಿ, ಟೋಪಿ ಮರೆಯಬೇಡಿ, ಒದ್ದೆಯಾದ ಕಾಲುಚೀಲ ಬದಲಿಸಿ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ನೇರವಾಗಿ ಬೆರಳಿಗೆ ಬರೋಣ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಚಳಿಗೆ ತಣ್ಣಗಾಗಿ, ಕೆಂಪಾಗಿ, ನೋಯುತ್ತಿರುವ ಕೈ ಒಂದು. ಹೆಪ್ಪುಗಟ್ಟಿದ ಕೈ ಇನ್ನೊಂದು. ನೋಯುತ್ತಿರುವ ಕೈಯಲ್ಲಿ ಇನ್ನೂ ರಕ್ತ ಓಡಾಡುತ್ತಿದೆ. ಅಂಥ ಕೈಗಳನ್ನು ಒಂದಕ್ಕೊಂದು ತಿಕ್ಕಿಕೊಂಡರೆ ಏನೂ ಆಗುವುದಿಲ್ಲ, ಎಲ್ಲರೂ ಮಾಡುವುದೇ ಅದು. ಹೆಪ್ಪುಗಟ್ಟಿದ ಬೆರಳು ಹಾಗಲ್ಲ. ಮುಟ್ಟಿದರೆ ಗೊತ್ತಾಗುವುದಿಲ್ಲ, ಮೇಣದ ಹಾಗೆ ಕಾಣುತ್ತದೆ, ಒತ್ತಿದರೆ ಗಟ್ಟಿ. ಜಾಸ್ತಿ ಆದರೆ ಮರದ ತುಂಡು ಮುಟ್ಟಿದ ಹಾಗಿರುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ "ಬೆಳ್ಳಗಾಗುವುದು" ಅಷ್ಟು ಚೆನ್ನಾಗಿ ಕಾಣಿಸದೆಯೂ ಇರಬಹುದು. ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಳೆಗುಂದುತ್ತದೆ, ಅಷ್ಟೇ. ಹಾಗಾಗಿ ಬಣ್ಣ ಒಂದನ್ನೇ ನೋಡಬೇಡಿ, ಮುಟ್ಟಿ ನೋಡಿ.

ಒಮ್ಮೆ ನಮ್ಮ ಗುಂಪಿನಲ್ಲಿದ್ದ ಒಬ್ಬ ಹುಡುಗ ಕೈಗವಸು ತೆಗೆದು ಬೂಟಿನ ಲೇಸು ಕಟ್ಟುತ್ತಿದ್ದ. ಲೇಸಿನ ಮೇಲೆ ಹಿಮ ಗಟ್ಟಿಯಾಗಿ ಅಂಟಿಕೊಂಡಿತ್ತು, ಗಂಟು ಬಿಚ್ಚುತ್ತಿರಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತು. ಅವನು ಎದ್ದು ನಿಂತಾಗ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಮೇಣದಬತ್ತಿಯ ಹಾಗಿತ್ತು. "ಆಗ ತುಂಬಾ ನೋಯ್ತಿತ್ತು, ಈಗ ನೋವು ಹೋಯ್ತು, ಪರವಾಗಿಲ್ಲ" ಅಂದ. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದವರೊಬ್ಬರು ಆಗಲೇ ಒಂದು ಹಿಡಿ ಹಿಮ ಬಾಚಿಕೊಂಡು ಉಜ್ಜಲು ಬಂದಿದ್ದರು. ಅವರ ಕೈ ಹಿಡಿದು ತಡೆದೆ. ಹುಡುಗನ ಕೈಯನ್ನು ಅವನದೇ ಕಂಕುಳಲ್ಲಿ ಇಡಿಸಿ, ಜಾಕೆಟ್ ಜಿಪ್ ಎಳೆದು, ಗಾಳಿಗೆ ಬೆನ್ನು ಮಾಡಿ ಕೂರಿಸಿದೆ. ಕಾಲು ಗಂಟೆ ಆದ ಮೇಲೆ ಬೆರಳಿಗೆ ಬಣ್ಣ ಬಂತು. ಜೊತೆಗೆ ಸೂಜಿ ಚುಚ್ಚಿದ ಹಾಗೆ ನೋವೂ ಬಂತು, ಹುಡುಗ ಅತ್ತೇಬಿಟ್ಟ. ಅವನು ಅಳುವುದನ್ನು ನೋಡಿ ನನಗೆ ಸಮಾಧಾನವಾಯಿತು. ನೋವು ಬಂದರೆ ರಕ್ತ ವಾಪಸ್ ಬಂತು ಅಂತಲೇ ಅರ್ಥ. ಅವನದು ಮೇಲುಮೇಲಿನ ಹೆಪ್ಪು, ಅದಕ್ಕೇ ಕಂಕುಳ ಬಿಸಿ ಸಾಕಾಯಿತು.

ಈಗ, ಉಜ್ಜಿದರೆ ಏನಾಗುತ್ತದೆ? ಒಂದು ಟೊಮೆಟೊ ತಗೊಂಡು ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ತೆಗೆದರೆ ಕಲ್ಲಿನ ಹಾಗಿರುತ್ತದೆ. ಕರಗಲು ಬಿಡಿ, ಆಮೇಲೆ ಬೆರಳಿಂದ ಒತ್ತಿ. ಸಿಪ್ಪೆ ಹಾಗೇ ಇದ್ದರೂ ಒಳಗೆಲ್ಲ ನೀರು ನೀರು, ತಿರುಳು ಮೊದಲಿನ ಹಾಗಿಲ್ಲ. ಒಳಗಿನ ನೀರು ಹರಳುಗಟ್ಟಿದಾಗ ಕೋಶಗಳು ಒಡೆದು ಹೋದವು, ಅದಕ್ಕೇ ಹಾಗೆ. ಬೆರಳಲ್ಲಿ ಆಗುವುದೂ ಹೆಚ್ಚು ಕಡಿಮೆ ಇದೇ. ಮೊದಲು ಕೋಶಗಳ ನಡುವಿನ ನೀರು ಹೆಪ್ಪುಗಟ್ಟುತ್ತದೆ. ಆ ಹರಳು ಕೋಶದೊಳಗಿನ ನೀರನ್ನೂ ಹೊರಗೆ ಎಳೆಯುತ್ತದೆ, ಕೋಶ ಒಣಗಿ ಮುದುಡುತ್ತದೆ. ಚೂಪಾದ ಹರಳುಗಳು ತುಂಬಿರುವ ಅಂಥ ಜಾಗವನ್ನು ನೀವು ತಿಕ್ಕುತ್ತೀರಿ. ಇನ್ನೂ ಬದುಕಿರುವ ಕೋಶಗಳನ್ನೂ ನಿಮ್ಮ ಕೈಯಾರೆ ಹರಿದು ಹಾಕಿದ ಹಾಗೆ. ಮೇಲಿನ ಚರ್ಮವೂ ಕಿತ್ತುಬರುತ್ತದೆ, ಮತ್ತೆ ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ. ಹಿಮದಿಂದ ತಿಕ್ಕಿದರೆ ಇದೆಲ್ಲದರ ಜೊತೆ ಇನ್ನಷ್ಟು ತಣ್ಣಗೂ ಮಾಡಿದ ಹಾಗಾಯಿತು. ಹೆಪ್ಪುಗಟ್ಟಿದ್ದನ್ನು ಹಿಮದಿಂದ ಬೆಚ್ಚಗೆ ಮಾಡಲು ಹೇಗೆ ಸಾಧ್ಯ, ನೀವೇ ಯೋಚನೆ ಮಾಡಿ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. 1812ರಲ್ಲಿ ನೆಪೋಲಿಯನ್ ಸೇನೆ ರಷ್ಯಾದಿಂದ ಹಿಂದಿರುಗುತ್ತಿದ್ದಾಗ ಡೊಮಿನಿಕ್ ಲಾರೆ ಎಂಬ ಶಸ್ತ್ರವೈದ್ಯ ಜೊತೆಗಿದ್ದ. ಅಪ್ಪಟ ಅನುಭವಿ. ಮರಗಟ್ಟಿದ ಕೈಕಾಲಿನ ಸೈನಿಕರು ರಾತ್ರಿ ಬೆಂಕಿಯ ಹತ್ತಿರ ಓಡುತ್ತಿದ್ದರು, ಅಂಥವರ ಕೈಕಾಲು ಕೊಳೆತು ಹೋಗುತ್ತಿತ್ತು. ಇದನ್ನು ಅವನು ಕಣ್ಣಾರೆ ಕಂಡ. ಬಿಸಿಯೇ ಕೆಡುಕು, ಹಿಮದಿಂದ ಉಜ್ಜಿ ನಿಧಾನವಾಗಿ ಕರಗಿಸಬೇಕು ಅಂತ ಬರೆದ. ಅವನು ನೋಡಿದ್ದು ನಿಜ, ಕಟ್ಟಿದ ತೀರ್ಮಾನ ತಪ್ಪು. ಆ ಸೈನಿಕರು ಮರಗಟ್ಟಿದ ಕಾಲನ್ನು ಬೆಂಕಿಗೆ ಹಿಡಿದು ಸುಟ್ಟುಕೊಳ್ಳುತ್ತಿದ್ದರು, ಯಾಕೆಂದರೆ ಅವರಿಗೆ ಬಿಸಿ ತಿಳಿಯುತ್ತಲೇ ಇರಲಿಲ್ಲ. ಬೆಳಗಾದರೆ ಅದೇ ಕಾಲಲ್ಲಿ ಮತ್ತೆ ಹಿಮದಲ್ಲಿ ನಡೆಯುತ್ತಿದ್ದರು, ಕರಗಿದ ಕಾಲು ಮತ್ತೆ ಹೆಪ್ಪುಗಟ್ಟುತ್ತಿತ್ತು. ಕಾಲು ಹೋಗುತ್ತಿದ್ದುದು ಇವೆರಡರಿಂದ. ಆದರೆ ಲಾರೆ ದೊಡ್ಡ ಹೆಸರು. ದೊಡ್ಡವರು ಬರೆದದ್ದು ಅಂತ ಸುಮಾರು 150 ವರ್ಷ ವೈದ್ಯರೇ ಹಿಮ ಉಜ್ಜಿದರು.

1950ರಲ್ಲಿ ಫ್ರಾನ್ಸಿನ ಮೊರಿಸ್ ಹರ್ಜೋಗ್ ಮತ್ತು ಲೂಯಿ ಲಾಶೆನಾಲ್ ಅನ್ನಪೂರ್ಣಾ ಶಿಖರ ಹತ್ತಿದರು. 8,000 ಮೀಟರಿಗಿಂತ ಎತ್ತರದ ಶಿಖರವನ್ನು ಮನುಷ್ಯ ಹತ್ತಿದ್ದು ಅದೇ ಮೊದಲು. ಇಳಿಯುವಾಗ ಹರ್ಜೋಗ್ ಕೈಗವಸು ಜಾರಿ ಇಳಿಜಾರಿನಲ್ಲಿ ಉರುಳಿ ಹೋಯಿತು. ರಾತ್ರಿ ಡೇರೆಯೊಳಗೆ ಜೊತೆಗಾರರು ರಕ್ತ ಹರಿಯಲಿ ಅಂತ ಇಬ್ಬರ ಹೆಪ್ಪುಗಟ್ಟಿದ ಕೈಕಾಲಿಗೆ ಗಂಟೆಗಟ್ಟಲೆ ತಿಕ್ಕಿದರು, ಹಗ್ಗದ ತುದಿಯಿಂದ ಹೊಡೆದರು. ಪ್ರೀತಿಯಿಂದಲೇ ಮಾಡಿದ್ದು. ಆ ಕಾಲಕ್ಕೆ ಗೊತ್ತಿದ್ದ ಮದ್ದೇ ಅದು. ಹರ್ಜೋಗ್ ಕಾಲ್ಬೆರಳು ಎಲ್ಲವನ್ನೂ, ಕೈಬೆರಳು ಬಹುಪಾಲನ್ನೂ ಕಳೆದುಕೊಂಡರು. ಲಾಶೆನಾಲ್ ಕಾಲ್ಬೆರಳೂ ಹೋದವು. ಉಜ್ಜದೇ ಇದ್ದಿದ್ದರೆ ಉಳಿಯುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಅಷ್ಟು ಎತ್ತರದಲ್ಲಿ, ಅಷ್ಟು ಹೊತ್ತು ಬರಿಗೈಲಿದ್ದವರು ಅವರು. ಹಗ್ಗದ ಏಟು ಒಂದು ಬೆರಳನ್ನೂ ಉಳಿಸಿಕೊಡಲಿಲ್ಲ ಅಂತ ಮಾತ್ರ ಹೇಳುತ್ತೇನೆ. 1960ರ ಹೊತ್ತಿಗೆ ಅಲಾಸ್ಕಾದಲ್ಲಿ ವಿಲಿಯಂ ಮಿಲ್ಸ್ ಎಂಬ ವೈದ್ಯರು ಹೆಪ್ಪುಗಟ್ಟಿದ ಕೈಕಾಲನ್ನು ಬೆಚ್ಚಗಿನ ನೀರಲ್ಲಿ ಬೇಗ ಕರಗಿಸಿ, ಹೀಗೇ ಜಾಸ್ತಿ ಉಳಿಯುತ್ತದೆ ಅಂತ ತೋರಿಸಿಕೊಟ್ಟರು. ಇವತ್ತಿಗೂ ಜಗತ್ತೆಲ್ಲ ಮಾಡುವುದು ಅದನ್ನೇ. ಇಷ್ಟಾದರೂ ಹಿಮ ಉಜ್ಜುವ ಮಾತು ಸತ್ತಿಲ್ಲ. ಅಜ್ಜ ಮೊಮ್ಮಗನಿಗೆ ಹೇಳುತ್ತಾನೆ, ಗೆಳೆಯ ಗೆಳೆಯನಿಗೆ ಹೇಳುತ್ತಾನೆ. ದಯವಿಟ್ಟು ನಿಮ್ಮಲ್ಲಿಗೆ ಬಂದಾಗಲಾದರೂ ಅದನ್ನು ನಿಲ್ಲಿಸಿ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೊದಲು ಗಾಳಿಯಿಂದ ಒಳಗೆ ಬನ್ನಿ. ಬೆರಳಲ್ಲಿ ಉಂಗುರ ಇದ್ದರೆ ಆಗಲೇ ತೆಗೆಯಿರಿ, ಕರಗಿದ ಮೇಲೆ ಬೆರಳು ಊದಿಕೊಳ್ಳುತ್ತದೆ, ಆಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ. ಪಾತ್ರೆಯಲ್ಲಿ 37ರಿಂದ 39 ಡಿಗ್ರಿ ನೀರು ತಗೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಪೆಟ್ಟಾಗದ ಮೊಣಕೈ ಅದ್ದಿ ನೋಡಿ, ಎಳೆ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗಿರಬೇಕು. ಹೆಪ್ಪುಗಟ್ಟಿದ ಕೈಯಿಂದ ಮಾತ್ರ ಬಿಸಿ ನೋಡಬೇಡಿ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಬೆರಳು ಪಾತ್ರೆಯ ತಳಕ್ಕೆ, ಬದಿಗೆ ತಾಗದ ಹಾಗೆ ಇಳಿಬಿಡಿ. ನೀರು ಬೇಗ ಆರುತ್ತದೆ, ಬಿಸಿನೀರು ಸೇರಿಸುತ್ತಾ ಇರಬೇಕು, ಸೇರಿಸುವಾಗ ಕೈ ಹೊರಗೆ ತೆಗೆದಿರಬೇಕು. ಸುಮಾರು ಅರ್ಧ ಗಂಟೆ, ಬೆರಳು ಮೆತ್ತಗಾಗಿ ಬಣ್ಣ ಬರುವ ತನಕ. ಈ ಅರ್ಧ ಗಂಟೆ ನೋವು ಸಿಕ್ಕಾಪಟ್ಟೆ ಇರುತ್ತದೆ. ನಿಮಗೆ ಒಗ್ಗುವುದಾದರೆ ಐಬುಪ್ರೊಫೆನ್ ಮಾತ್ರೆ ತಗೊಳ್ಳಬಹುದು. ಆಮೇಲೆ ಒರೆಸಬೇಡಿ, ಹಾಗೇ ಆರಲು ಬಿಡಿ, ಬೆರಳುಗಳ ನಡುವೆ ಒಣ ಹತ್ತಿಬಟ್ಟೆ ಇಟ್ಟು ಸಡಿಲವಾಗಿ ಸುತ್ತಿ. ನೀರುಗುಳ್ಳೆ ಎದ್ದರೆ ಒಡೆಯಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಕರಗಿದ ಮೇಲೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಗಟ್ಟಿಯಾಗಿ ನಿಲ್ಲುತ್ತದೆ, ಬೆರಳು ಸಾಯುವುದಕ್ಕೆ ಇದು ದೊಡ್ಡ ಕಾರಣ. ಆ ಗಡ್ಡೆ ಕರಗಿಸುವ ಔಷಧಿ ಮೊದಲ 24 ಗಂಟೆಯೊಳಗೆ ಕೊಟ್ಟರೆ ಉಪಯೋಗ. ರಕ್ತನಾಳ ಹಿಗ್ಗಿಸುವ ಐಲೋಪ್ರಾಸ್ಟ್ ಎಂಬ ಔಷಧಿಗೆ 2024ರಲ್ಲಿ ಅಮೆರಿಕದಲ್ಲಿ ಫ್ರಾಸ್ಟ್‌ಬೈಟ್, ಅಂದರೆ ಹೀಗೆ ಚಳಿಗೆ ಹೆಪ್ಪುಗಟ್ಟಿದ್ದರ ಚಿಕಿತ್ಸೆಗೆಂದೇ ಒಪ್ಪಿಗೆ ಸಿಕ್ಕಿದೆ. ಇವನ್ನೆಲ್ಲ ಮನೆಯಲ್ಲಿ ಕೂತು ಪಡೆಯಲು ಆಗುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಕರಗಿಸಲೇಬೇಡಿ. ಇನ್ನೂ ಹಿಮದಲ್ಲೇ ನಡೆಯಬೇಕಿದೆ, ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದೆ ಅಂದರೆ ಹಾಗೇ ಬಿಡಿ. ಹೆಪ್ಪುಗಟ್ಟಿದ ಕಾಲಲ್ಲೇ ನಡೆದು ಸುರಕ್ಷಿತ ಜಾಗ ಸೇರುವುದು ಮೇಲು. ಕರಗಿ ಮತ್ತೆ ಹೆಪ್ಪುಗಟ್ಟಿದ ಕಾಲು ಉಳಿಯುವುದು ಕಷ್ಟ. ಲಾರೆಯ ಸೈನಿಕರನ್ನು ನೆನಪಿಸಿಕೊಳ್ಳಿ.

ಇನ್ನು ಗಾಳಿ. ಉಷ್ಣಾಂಶ ಮೈನಸ್ 10 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಬರಿಮೈಗೆ ಅದು ಸುಮಾರು ಮೈನಸ್ 20ರ ಹಾಗೆ. ಮೈನಸ್ 20ಕ್ಕೆ ಅದೇ ಗಾಳಿ ಬಂದರೆ ಮೈನಸ್ 33ರ ಹಾಗೆ, ಅಂಥ ಹೊತ್ತಲ್ಲಿ ಮುಚ್ಚದ ಕಿವಿ, ಮೂಗು ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಹೊರಡುವ ಮೊದಲು ಉಷ್ಣಾಂಶದ ಜೊತೆ ಗಾಳಿಯ ವೇಗವನ್ನೂ ನೋಡಿ. ಮತ್ತೆ ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಬೇಡಿ. ಬೆಚ್ಚಗಿರಲಿ ಅಂತ ಮಾಡುವುದು, ಆಗುವುದು ಉಲ್ಟಾ. ಒತ್ತಿ ಹಿಡಿದರೆ ರಕ್ತ ಹೋಗುವುದಿಲ್ಲ, ರಕ್ತ ಹೋಗದಿದ್ದರೆ ಎಷ್ಟು ಉಣ್ಣೆ ಇದ್ದರೂ ಕಾಲು ತಣ್ಣಗೇ.

ಬೆಂಕಿಯ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಇದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಹಿಮ ಜಾಸ್ತಿ ಬಿದ್ದು ಕರೆಂಟು ಹೋದಾಗ ಜನ ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಒಳಗೆ ಇದ್ದಿಲು ಉರಿಸುತ್ತಾರೆ, ಗ್ಯಾಸ್ ಒಲೆ ಹಚ್ಚಿಟ್ಟು ಮಲಗುತ್ತಾರೆ, ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸುತ್ತಾರೆ. ಚಳಿಗೆ ಬೆರಳು ಹೋಗಬಹುದು, ಇದಕ್ಕೆ ಮನೆ ಮಂದಿಯೆಲ್ಲ ಹೋಗುತ್ತಾರೆ. ಉರಿಯುವುದಕ್ಕೆ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು 200 ಪಟ್ಟಿಗಿಂತ ಗಟ್ಟಿಯಾಗಿ ಕೂತುಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ, ಸುಸ್ತು ಅಂತ ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ಮನೆಯಲ್ಲಿ ಒಟ್ಟಿಗೆ ಇಬ್ಬರಿಗೆ ತಲೆನೋವು ಬಂತು ಅಂದರೆ ಕಾರಣ ಹುಡುಕುತ್ತಾ ಕೂರಬೇಡಿ, ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ. ಇದ್ದಿಲನ್ನು ಒಳಗೆ ಉರಿಸಲೇಬೇಡಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕೋಣೆಯ ಹತ್ತಿರ ಹಾಕಿ. ಕರೆಂಟು ಹೋದ ರಾತ್ರಿ ಎಲ್ಲರೂ ಒಂದೇ ಸಣ್ಣ ಕೋಣೆಯಲ್ಲಿ, ಇರುವ ಕಂಬಳಿಯೆಲ್ಲ ಸೇರಿಸಿ, ಒತ್ತಾಗಿ ಮಲಗಿದರೆ ಎಷ್ಟೋ ಬೆಚ್ಚಗಿರುತ್ತದೆ.

ಹಿಮದಲ್ಲಿ ಕಾರು ಸಿಕ್ಕಿಕೊಂಡಾಗಲೂ ಇದೇ ಅಪಾಯ. ಹೀಟರಿಗಾಗಿ ಎಂಜಿನ್ ಶುರು ಮಾಡುವ ಮೊದಲು ಇಳಿದು ಹಿಂದೆ ಹೋಗಿ ಹೊಗೆ ಕೊಳವೆಯ ಸುತ್ತ ಹಿಮ ತೆಗೆಯಿರಿ. ಅದು ಮುಚ್ಚಿಕೊಂಡಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕು, ಗಾಳಿ ಬೀಸದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಹಿಮ ಬೀಳುತ್ತಲೇ ಇದ್ದರೆ ಪ್ರತಿ ಸಲವೂ ಇಳಿದು ಕೊಳವೆ ನೋಡಿ. ಅದಕ್ಕೊಂದು ಸಣ್ಣ ಸಲಿಕೆ ಬೇಕು. ಅದನ್ನು ಡಿಕ್ಕಿಯಲ್ಲಿ ಇಡಬೇಡಿ, ಸೀಟಿನ ಹಿಂದೆ ಇಡಿ. ಹಿಮ ಗಟ್ಟಿಯಾಗಿ ಕೂತರೆ ಮೊದಲು ತೆರೆಯದೆ ಹೋಗುವುದು ಡಿಕ್ಕಿಯೇ.