ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಕ್ರೋಮೋಸೋಮ್

ಚಿಂಪಾಂಜಿಯ ಜೀವಕೋಶದಲ್ಲಿ 24 ಜೋಡಿ ಕ್ರೋಮೋಸೋಮ್‌ಗಳಿವೆ, ಅಂದರೆ ವಂಶದ ಗುಣಗಳನ್ನು ಹೊತ್ತ ಡಿಎನ್‌ಎಯ ಉದ್ದನೆಯ ಎಳೆಗಳು. ಗೊರಿಲ್ಲಾಗೂ 24, ಒರಾಂಗುಟಾನ್‌ಗೂ 24. ನಮಗೆ ಮಾತ್ರ 23. ನಮ್ಮೆಲ್ಲರ ಪೂರ್ವಜರು ಒಂದೇ ಎನ್ನುವುದಾದರೆ ನಮ್ಮ ಒಂದು ಜೋಡಿ ಎಲ್ಲಿ ಹೋಯಿತು?

ವಿಕಾಸವಾದವನ್ನು ಇಕ್ಕಟ್ಟಿಗೆ ಸಿಲುಕಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಆದರೆ 2005ರ ಸೆಪ್ಟೆಂಬರ್ 26ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಕೋರ್ಟಿನಲ್ಲಿ ಇದನ್ನು ಎತ್ತಿದವರು ವಿಕಾಸವಾದದ ಪರ ಸಾಕ್ಷಿ ಹೇಳಲು ಬಂದಿದ್ದ ಜೀವವಿಜ್ಞಾನಿ ಕೆನೆತ್ ಮಿಲ್ಲರ್. ಅವರು ಚರ್ಚಿಗೆ ಹೋಗುವ ಕ್ಯಾಥೊಲಿಕ್. ವಿಕಾಸದ ಪಾಠದ ಬಗ್ಗೆ ಜಗಳ ನಡೆದಿದ್ದ ಡೋವರ್ ಶಾಲೆಯ ಜೀವಶಾಸ್ತ್ರ ಪಠ್ಯಪುಸ್ತಕದ ಇಬ್ಬರು ಲೇಖಕರಲ್ಲಿ ಒಬ್ಬರು.

ಡೋವರ್ ಅನ್ನುವುದು ಆ ರಾಜ್ಯದ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಶಾಲೆಗಳ ಮಂಡಳಿ 2004ರಲ್ಲಿ ಒಂದು ತೀರ್ಮಾನ ಮಾಡಿತು. ಒಂಬತ್ತನೇ ತರಗತಿಯಲ್ಲಿ ವಿಕಾಸದ ಪಾಠಕ್ಕೆ ಮೊದಲು ಮಕ್ಕಳಿಗೆ ಒಂದು ಹೇಳಿಕೆ ಓದಿ ಹೇಳಬೇಕು. ಡಾರ್ವಿನ್ ಹೇಳಿದ್ದು ಸಿದ್ಧಾಂತ, ಸತ್ಯಾಂಶವಲ್ಲ. ಅದರಲ್ಲಿ ಪುರಾವೆ ಸಿಗದ ಜಾಗಗಳಿವೆ. ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ಯೋಜಿಸಿ ಮಾಡಿದೆ ಎನ್ನುವ 'ಇಂಟೆಲಿಜೆಂಟ್ ಡಿಸೈನ್' ಎಂಬ ಬೇರೆ ವಿವರಣೆಯೂ ಇದೆ, ಅದರ ಪುಸ್ತಕ ಬೇಕಾದವರಿಗೆ ಸಿಗುತ್ತದೆ. ಇಷ್ಟು ಅದರ ಸಾರ. ಓದಲು ಒಂದು ನಿಮಿಷ ಸಾಕು. ಆದರೂ ಜೀವಶಾಸ್ತ್ರದ ಮೇಷ್ಟ್ರುಗಳು ಓದುವುದಿಲ್ಲ ಎಂದರು. ಕೊನೆಗೆ ಆಡಳಿತದವರೇ ತರಗತಿಗೆ ಬಂದು ಓದಿದರು. ಅಷ್ಟರಲ್ಲಾಗಲೇ 11 ಮಂದಿ ಪೋಷಕರು ಕೋರ್ಟಿಗೆ ಹೋಗಿದ್ದರು.

ಈ ಜಗಳ ಹಳೆಯದು. 1925ರಲ್ಲಿ ಟೆನೆಸಿ ರಾಜ್ಯ ಮನುಷ್ಯನ ವಿಕಾಸ ಕಲಿಸುವುದನ್ನೇ ಅಪರಾಧ ಮಾಡಿತ್ತು. ಅದೇ ವರ್ಷ ಡೇಟನ್ ಎಂಬ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಯುವ ಮೇಷ್ಟ್ರಿಗೆ 100 ಡಾಲರ್ ದಂಡ ಬಿತ್ತು. ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, ಆದರೆ ಕಾರಣ ವಿಜ್ಞಾನವಲ್ಲ. ದಂಡ ಎಷ್ಟೆಂದು ಜ್ಯೂರಿ ಹೇಳಬೇಕಿತ್ತು, ನ್ಯಾಯಾಧೀಶರು ಹೇಳಿದ್ದರು, ಅಷ್ಟೇ. ಕಾನೂನು ಮಾತ್ರ 1967ರವರೆಗೆ ಹಾಗೇ ಉಳಿಯಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರ ಒಂದು ಧರ್ಮದ ಪರ ನಿಲ್ಲುವಂತಿಲ್ಲ, ಹಾಗಾಗಿ ಇಂಥ ನಿಷೇಧಗಳೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಆಗ ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದಿಗಳು ದಾರಿ ಬದಲಿಸಿದರು. ವಿಕಾಸ ಕಲಿಸಬೇಡಿ ಎನ್ನುವುದನ್ನು ಬಿಟ್ಟು, ವಿಕಾಸ, ಸೃಷ್ಟಿ ಎರಡನ್ನೂ ಸಮವಾಗಿ ಕಲಿಸಿ ಎಂದರು. ಲೂಸಿಯಾನಾ ರಾಜ್ಯ ಅಂಥ ಕಾನೂನನ್ನೇ ಮಾಡಿತು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಹೊಡೆದು ಹಾಕಿತು. ಅಲ್ಲಿಂದ 'ಸೃಷ್ಟಿ' ಎಂಬ ಪದ ಹೋಗಿ 'ಡಿಸೈನ್' ಬಂತು.

ಹೆಸರು ಬದಲಾಗಿದ್ದಕ್ಕೆ ಲಿಖಿತ ಪುರಾವೆಯೇ ಇತ್ತು. ಡೋವರ್ ಮಕ್ಕಳಿಗೆ ಸೂಚಿಸಿದ್ದ ಆ ಪುಸ್ತಕದ ಹಳೆಯ ಕರಡುಗಳು ಕೋರ್ಟಿಗೆ ಬಂದವು. 1987ರ ತೀರ್ಪಿಗೆ ಮೊದಲಿನ ಕರಡಿನಲ್ಲಿ 'ಸೃಷ್ಟಿವಾದಿಗಳು' ಎಂದಿದ್ದ ಕಡೆ ನಂತರದ್ದರಲ್ಲಿ 'ಡಿಸೈನ್ ಪ್ರತಿಪಾದಕರು' ಎಂದಾಗಿತ್ತು. ಒಂದು ಜಾಗದಲ್ಲಿ ಹಳೆಯ ಪದವನ್ನು ಪೂರ್ತಿ ಅಳಿಸದೆ ಹೊಸದನ್ನು ತುರುಕಿದ್ದರು. ಹಳೆಯ ಪದದ ತಲೆ, ಬಾಲ ಎರಡೂ ಉಳಿದುಕೊಂಡಿದ್ದವು. ತತ್ವಶಾಸ್ತ್ರಜ್ಞೆ ಬಾರ್ಬರಾ ಫಾರೆಸ್ಟ್ ಈ ಕರಡುಗಳನ್ನು ಒಂದೊಂದಾಗಿ ಕೋರ್ಟಿನ ಮುಂದಿಟ್ಟರು.

ಈಗ ಕ್ರೋಮೋಸೋಮ್‌ಗೆ ಬರೋಣ. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಖುಷಿ ಕೊಡುವ ಭಾಗ ಇದು.

ಒಂದು ಜೋಡಿ ಸುಮ್ನೆ ಕಳೆದುಹೋಗಲು ಸಾಧ್ಯವಿಲ್ಲ. ಒಂದೊಂದು ಕ್ರೋಮೋಸೋಮ್‌ನಲ್ಲೂ ನೂರಾರು ಜೀನ್‌ಗಳಿರುತ್ತವೆ. ಒಂದು ಜೋಡಿ ಪೂರ್ತಿ ಹೋದರೆ ಭ್ರೂಣ ಉಳಿಯುವುದೇ ಇಲ್ಲ. ಹಾಗಾದರೆ ಉಳಿಯುವ ದಾರಿ ಒಂದೇ. ನಮ್ಮ ವಂಶದಲ್ಲಿ ಎಂದೋ ಎರಡು ಕ್ರೋಮೋಸೋಮ್‌ಗಳು ಒಂದಕ್ಕೊಂದು ಅಂಟಿಕೊಂಡು ಒಂದಾಗಿರಬೇಕು. ಹಾಗೆ ಆಗಿದ್ದರೆ ಗುರುತು ಇರಬೇಕು. ಎಲ್ಲಿ, ಯಾವ ಥರದ ಗುರುತು ಅನ್ನುವುದನ್ನೂ ಮೊದಲೇ ಹೇಳಬಹುದು.

ಪ್ರತಿ ಕ್ರೋಮೋಸೋಮ್‌ನ ಎರಡೂ ತುದಿಗಳಲ್ಲಿ ಟೆಲೋಮಿಯರ್ ಎಂಬ ಭಾಗ ಇರುತ್ತದೆ. ಅಲ್ಲಿ ಡಿಎನ್‌ಎಯ ಅಕ್ಷರಗಳು ಟಿಟಿಎಜಿಜಿಜಿ, ಟಿಟಿಎಜಿಜಿಜಿ ಎಂದು ನೂರಾರು, ಸಾವಿರಾರು ಸಲ ಮರುಕಳಿಸುತ್ತವೆ. ಇದರ ಜಾಗ ತುದಿ. ಅಂಚಿನಲ್ಲಿ ಬಣ್ಣದ ಪಟ್ಟಿ ಇರುವ ಎರಡು ಟವೆಲ್‌ಗಳನ್ನು ತುದಿಗೆ ತುದಿ ಸೇರಿಸಿ ಹೊಲಿದರೆ ಏನಾಗುತ್ತದೆ? ಅಂಚಿನ ಪಟ್ಟಿಗಳು ನಟ್ಟನಡುವೆ ಬಂದು ಕೂರುತ್ತವೆ, ಒಂದು ಇನ್ನೊಂದಕ್ಕೆ ಎದುರುಬದುರಾಗಿ. ಕ್ರೋಮೋಸೋಮ್‌ನಲ್ಲೂ ಹಾಗೇ ಆಗಿರಬೇಕು. ಒಳಗೆಲ್ಲೋ ಟಿಟಿಎಜಿಜಿಜಿ ಸಾಲು ಬಂದು, ಅದು ಮುಗಿದ ಕಡೆಯಿಂದ ಅದರದೇ ತಿರುವುಮುರುವು ರೂಪವಾದ ಸಿಸಿಸಿಟಿಎಎ ಸಾಲು ಶುರುವಾಗಬೇಕು.

ಇನ್ನೂ ಒಂದು ಗುರುತು ಬೇಕು. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎಳೆಯುವ ಎಳೆಗಳು ಅಂಟಿಕೊಳ್ಳುವ ಜಾಗಕ್ಕೆ ಸೆಂಟ್ರೋಮಿಯರ್ ಎನ್ನುತ್ತಾರೆ. ಒಂದು ಕ್ರೋಮೋಸೋಮ್‌ಗೆ ಒಂದೇ ಸೆಂಟ್ರೋಮಿಯರ್. ಎರಡು ಸೇರಿದ್ದರೆ ಎರಡು ಇರಬೇಕು, ಅವುಗಳಲ್ಲಿ ಒಂದು ಕೆಲಸ ನಿಲ್ಲಿಸಿರಬೇಕು.

1982ರಲ್ಲೇ ಕ್ರೋಮೋಸೋಮ್‌ಗಳಿಗೆ ಬಣ್ಣ ಹಾಕಿ ಪಟ್ಟೆಗಳನ್ನು ಹೋಲಿಸಿದವರಿಗೆ, ನಮ್ಮ ಎರಡನೇ ಕ್ರೋಮೋಸೋಮ್ ವಾನರಗಳ ಎರಡು ಕ್ರೋಮೋಸೋಮ್‌ಗಳನ್ನು ಜೋಡಿಸಿದ ಹಾಗೆ ಕಂಡಿತ್ತು. 1991ರಲ್ಲಿ ಆ ಎದುರುಬದುರಿನ ಸಾಲುಗಳೇ ಸಿಕ್ಕವು, ಅದೇ ಎರಡನೇ ಕ್ರೋಮೋಸೋಮ್‌ನ ಒಳಗೆ. ನಂತರ ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೋಮಿಯರ್‌ನ ಉಳಿಕೆಯೂ ಸಿಕ್ಕಿತು. 2005ರ ಏಪ್ರಿಲ್‌ನಲ್ಲಿ ಈ ಕ್ರೋಮೋಸೋಮ್‌ನ ವಿವರವಾದ ಅಕ್ಷರಮಾಲೆ ಪ್ರಕಟವಾಯಿತು. ಸೆಪ್ಟೆಂಬರ್‌ನಲ್ಲಿ, ಡೋವರ್ ವಿಚಾರಣೆ ಶುರುವಾಗುವ ಕೆಲವೇ ವಾರ ಮೊದಲು, ಚಿಂಪಾಂಜಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಅಕ್ಷರಮಾಲೆ ಕೂಡ ಬಂತು. ಇದಕ್ಕೆ ಸರಿಹೊಂದುವ ಚಿಂಪಾಂಜಿಯ ಎರಡು ಕ್ರೋಮೋಸೋಮ್‌ಗಳನ್ನು ಇವತ್ತು 2ಎ, 2ಬಿ ಎಂದೇ ಕರೆಯುತ್ತಾರೆ.

ಮೊದಲು ಹಾಗೆ ಅಂಟಿದ ಕ್ರೋಮೋಸೋಮ್ ಇದ್ದವನಿಗೆ ಮಕ್ಕಳು ಹೇಗಾದರು ಎಂದು ಕೆಲವರು ಕೇಳುತ್ತಾರೆ. ಅಂಟುವ ಜಾಗ ಬೇರೆ ಇರಬಹುದು, ಆದರೆ ಎರಡು ಕ್ರೋಮೋಸೋಮ್ ಸೇರಿಕೊಂಡು 46ರ ಬದಲು 45 ಇರುವವರು ಇವತ್ತೂ ಸಾವಿರಕ್ಕೆ ಸುಮಾರು ಒಬ್ಬರು ಸಿಗುತ್ತಾರೆ. ಕೆಲವರಿಗೆ ಗರ್ಭ ನಿಲ್ಲುವುದರಲ್ಲಿ ತೊಂದರೆ ಆಗುತ್ತದೆ. ತುಂಬಾ ಮಂದಿ ಆರೋಗ್ಯವಾಗಿ ಬಾಳುತ್ತಾರೆ, ಮಕ್ಕಳನ್ನೂ ಪಡೆಯುತ್ತಾರೆ.

ಆ ಗುರುತುಗಳು ಸಿಗದೇ ಹೋಗಿದ್ದರೆ? ಪೂರ್ವಜರು ಒಂದೇ ಎನ್ನುವ ಮಾತಿಗೆ ದೊಡ್ಡ ಪೆಟ್ಟು ಬೀಳುತ್ತಿತ್ತು. ಮಿಲ್ಲರ್ ಕೋರ್ಟಿನಲ್ಲಿ ಒತ್ತಿ ಹೇಳಿದ್ದು ಇದನ್ನೇ. ವಿಜ್ಞಾನದಲ್ಲಿ ಸಿದ್ಧಾಂತ ಎಂದರೆ ಬರೀ ಊಹೆಯಲ್ಲ. ತಾನು ತಪ್ಪಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತೇನೆ ಎಂದು ಮೊದಲೇ ತೋರಿಸಿಕೊಟ್ಟು, ಅಲ್ಲಿ ಹುಡುಕಿದ ಮೇಲೂ ನಿಂತಿರುವ ವಿವರಣೆ ಅದು. ಇಂಟೆಲಿಜೆಂಟ್ ಡಿಸೈನ್‌ಗೆ ಅಂಥ ಜಾಗವೇ ಇಲ್ಲ. 24 ಇದ್ದರೂ ಡಿಸೈನ್, 23 ಇದ್ದರೂ ಡಿಸೈನ್, ಅಲ್ವಾ?

ಡಿಸೈನ್ ಪರವಾಗಿ ಬಂದಿದ್ದ ಮುಖ್ಯ ವಿಜ್ಞಾನಿ ಮೈಕೆಲ್ ಬೀಹಿ. ತಮ್ಮದನ್ನು ಸಿದ್ಧಾಂತ ಎಂದು ಕರೆಯಲು ಅವರು ಆ ಪದದ ಅರ್ಥವನ್ನೇ ಸಡಿಲ ಮಾಡಿಕೊಂಡಿದ್ದರು. ನಿಮ್ಮ ಅರ್ಥದ ಪ್ರಕಾರ ಜ್ಯೋತಿಷ್ಯವೂ ಸಿದ್ಧಾಂತ ಆಗುತ್ತದೆಯೇ ಎಂದು ವಕೀಲರು ಕೇಳಿದರು. ಆಗುತ್ತದೆ ಎಂದು ಬೀಹಿ ಒಪ್ಪಿಕೊಂಡರು. ಇದನ್ನು ಓದುವಾಗ ನನಗೆ ನಮ್ಮ ದೇಶದ ನೆನಪಾಯಿತು. ಯುಜಿಸಿ 2001ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯದ ಕೋರ್ಸಿಗೆ ದಾರಿ ಮಾಡಿತು. ವಿಜ್ಞಾನಿ ಪಿ. ಎಂ. ಭಾರ್ಗವ ಸುಪ್ರೀಂ ಕೋರ್ಟಿನವರೆಗೂ ಹೋದರು. 2004ರಲ್ಲಿ ಅವರ ಅರ್ಜಿ ಬಿದ್ದುಹೋಯಿತು.

ಡೋವರ್ ತೀರ್ಪು 2005ರ ಡಿಸೆಂಬರ್ 20ರಂದು ಬಂತು, 139 ಪುಟ. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಆದರೂ ಅವರು ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಧಾರ್ಮಿಕ ನಂಬಿಕೆ, ಸರ್ಕಾರಿ ಶಾಲೆಯಲ್ಲಿ ಅದಕ್ಕೆ ಜಾಗ ಇಲ್ಲ ಎಂದು ಬರೆದರು. ಅದಕ್ಕೂ ಮೊದಲೇ, ನವೆಂಬರ್ ಚುನಾವಣೆಯಲ್ಲಿ ಡೋವರ್ ಜನ ಹೇಳಿಕೆಯನ್ನು ಬೆಂಬಲಿಸಿದ್ದ ಮಂಡಳಿ ಸದಸ್ಯರನ್ನು ಸೋಲಿಸಿದ್ದರು.

ನಮ್ಮಲ್ಲಿ ಬೈಬಲ್ಲಿನ ಸೃಷ್ಟಿಕಥೆ ಕಲಿಸಿ ಎನ್ನುವ ಗಲಾಟೆ ಇಲ್ಲ. ಆದರೆ 2018ರಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವರು, ಕೋತಿ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ತಪ್ಪು, ಪಠ್ಯ ಬದಲಾಗಬೇಕು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೋಯಿತು. ಕೊಟ್ಟ ಕಾರಣ ಮಕ್ಕಳ ಹೊರೆ ಇಳಿಸುವುದು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು, ವಿಜ್ಞಾನಾಸಕ್ತರು ಅದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಪಾಠ ಇದೆಯಲ್ಲ ಎಂಬ ಉತ್ತರ ಬಂತು. ಆದರೆ ಕಾಮರ್ಸ್, ಆರ್ಟ್ಸ್, ಐಟಿಐ ಕಡೆ ಹೋಗುವ ಮಕ್ಕಳು, ಓದು ಬಿಟ್ಟು ಹೊಲಕ್ಕೆ ಇಳಿಯುವ ಮಕ್ಕಳು ಹನ್ನೆರಡರ ಜೀವಶಾಸ್ತ್ರ ಓದುವುದಿಲ್ಲ.

ಯಾರೂ ಕಂಡಿಲ್ಲ ಎನ್ನುವುದೂ ನಿಜವಲ್ಲ. ಹತ್ತಿ ಬೆಳೆಯುವ ರೈತರು ವಿಕಾಸವನ್ನು ಕಣ್ಣಾರೆ ಕಂಡಿದ್ದಾರೆ. 2002ರಲ್ಲಿ, ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿ ಬಂದಾಗ ಗುಲಾಬಿ ಕಾಯಿಕೊರಕ ಎಂಬ ಹುಳು ಅದನ್ನು ತಿಂದು ಸಾಯುತ್ತಿತ್ತು. ಹತ್ತು ವರ್ಷದೊಳಗೆ ಗುಜರಾತಿನಲ್ಲಿ ಸಾಯದ ಹುಳುಗಳು ಕಂಡವು. ವಿಷ ತಡೆದುಕೊಂಡ ಕೆಲವೇ ಹುಳುಗಳು ಉಳಿದು, ಅವುಗಳ ಸಂತತಿ ಹೊಲ ತುಂಬಿತ್ತು. ಬಿಟಿ ಬೀಜದ ಜೊತೆ ಬಿಟಿ ಅಲ್ಲದ ಬೀಜದ ಒಂದು ಸಣ್ಣ ಪೊಟ್ಟಣ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲು. ಅಲ್ಲಿ ವಿಷಕ್ಕೆ ಬಗ್ಗುವ ಹುಳುಗಳು ಬದುಕಿ, ಬಗ್ಗದವುಗಳ ಜೊತೆ ಕೂಡಿದರೆ ಮುಂದಿನ ಪೀಳಿಗೆ ಮತ್ತೆ ಬಗ್ಗುತ್ತದೆ ಎನ್ನುವುದು ಲೆಕ್ಕ. ತುಂಬಾ ರೈತರು ಆ ಪೊಟ್ಟಣ ಬಿತ್ತಲಿಲ್ಲ. ಬಿತ್ತುವುದು ಯಾಕೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.